ಅರಗಿಣಿ ಮುಟ್ಟದ ಹಾಲು

ಹಳೆಯ ಮರಕ್ಕೆ ಮೆರುಗು ಕೊಡುವ ಕಸುಬಿನವನೊಬ್ಬ ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದಾನೆ. ಎಲ್ಲರೂ ಅವನನ್ನು ಪಾಲಿಶಣ್ಣ ಎಂದೇ ಕರೆಯುತ್ತಾರೆ. ನಮ್ಮ ಪ್ರಾರ್ಥನಾಮಂದಿರದ ಬೆಂಚುಗಳನ್ನು ಮುಖ ಕಾಣುವಷ್ಟು ನುಣುಪು ಮಾಡಿದವನು ಅವನೇ. ಪ್ರವಚನ ಉದ್ದವಾದಾಗ ಜನರು ಮುಂದಿನ ಬೆಂಚಿನ ಬೆನ್ನಿನಲ್ಲಿ ತಮ್ಮ ತಲೆಗೂದಲು ಸರಿಮಾಡಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನ ಬದುಕಿನಲ್ಲಿ ಕಳೆದ ವರ್ಷ ನಡೆದದ್ದನ್ನು, ಅದೇ ಬೆಂಚುಗಳಿಗೆ ಮತ್ತೊಮ್ಮೆ ಕೈಯಾಡಿಸುತ್ತ, ಅವನೇ ನನಗೆ ಹೇಳಿದ. ಬರೆಯಲು ಅವನ ಒಪ್ಪಿಗೆಯಿದೆ.

ದೇವರು ಮನುಷ್ಯನಿಗೆ ಲೋಕದ ಕಡೆ ಐದು ಬಾಗಿಲುಗಳನ್ನು ಇಟ್ಟು ಕಳುಹಿಸಿದ್ದಾನೆ. ಪಾಲಿಶಣ್ಣನ ಬಾಗಿಲುಗಳಲ್ಲಿ ಒಂದು ಎಂದೋ ಮುಚ್ಚಿಹೋಗಿತ್ತು. ಯೌವನದಿಂದಲೂ ಹಿತ್ತಿಲಿನ ತಗಡಿನ ಷೆಡ್ಡಿನಲ್ಲಿ, ಧೂಳು ಬೀಳಬಾರದೆಂದು ಕಿಟಕಿ ಮುಚ್ಚಿ, ಸ್ಪಿರಿಟಿನಲ್ಲಿ ಕರಗಿಸಿದ ಅರಗನ್ನು ಹತ್ತಿಯ ಉಂಡೆಯಿಂದ ಮರಕ್ಕೆ ಉಣಿಸುತ್ತ ಬಂದವನು ಅವನು. ಆ ಹಬೆ ಅವನ ಮೂಗನ್ನು ಸ್ವಲ್ಪಸ್ವಲ್ಪವಾಗಿ ಕೊಂದಿತು. ಸತ್ತದ್ದು ಅವನಿಗೇ ತಿಳಿಯಲಿಲ್ಲ. ಒಂದು ದಿನ ಅವನು ಅಡುಗೆಮನೆಯಲ್ಲಿ ಕುಳಿತಿದ್ದಂತೆಯೇ ಪಕ್ಕದ ಒಲೆಯ ಮೇಲೆ ಪಾತ್ರೆ ಸೀದು ಕರಕಲಾಯಿತು. ಹೊಗೆ ಕಣ್ಣಿಗೆ ತಾಗಿದ ಮೇಲಷ್ಟೇ ಅವನು ತಲೆಯೆತ್ತಿದ.

ಅವನ ಹೆಂಡತಿ ಆಸ್ಪತ್ರೆಯ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದಳು. ಬೆಳಗಾಗುವ ಮೊದಲೇ ಹೊರಟುಬಿಡುವಳು. ಅವಳ ತಾಯಿ, ಎಂದರೆ ಪಾಲಿಶಣ್ಣನ ಅತ್ತೆ, ಅವರೊಡನೆಯೇ ಇದ್ದಳು. ಆಕೆಗೆ ಎಂಬತ್ತು ದಾಟಿತ್ತು, ಏಳುವುದು ತಡ, ಎದ್ದ ಮೇಲೆ ನಾಲಗೆಗೆ ಬಿಡುವಿಲ್ಲ. ಹೀಗಾಗಿ ಮುಂಜಾನೆಯ ಚಹಾವನ್ನು ಅವನೇ ಮಾಡಿಕೊಳ್ಳಬೇಕಿತ್ತು. ಅವರ ಮುದಿ ಫ್ರಿಜ್ಜು ಮನಸ್ಸು ಬಂದಾಗ ತಣ್ಣಗಾಗುವ ಜಾತಿಯದು. ಒಲೆಗೇರಿ ಒಡೆಯುವ ಮೊದಲೇ ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ಮೂಗಿಲ್ಲದವನು ತಿಳಿಯುವುದು ಹೇಗೆ?

ಅದಕ್ಕೆ ಅರಗಿಣಿ ಇದ್ದಳು.

ಅರಗಿಣಿ ಎಂದರೆ ಗಿಳಿಯಲ್ಲ, ನಾಯಿ. ಮರಿಯಾಗಿ ಷೆಡ್ಡಿನ ಬಾಗಿಲಿಗೆ ಬಂದು ಕುಳಿತಾಗ ಅವಳ ಮೈಬಣ್ಣ ಥೇಟು ಕರಗಿಸಿದ ಅರಗಿನಂತಿತ್ತೆಂದು ಆ ಹೆಸರು. "ಗಿಣಿ ಹೆಸರು ನಾಯಿಗಿಟ್ಟಿದ್ದೀರಿ, ನಾಳೆ ಬೆಕ್ಕಿಗೆ ಆನೆ ಅಂತೀರಾ ಅಳಿಯಂದ್ರೇ?" ಎಂದು ಅತ್ತೆ ಅಂದೇ ಕೇಳಿದ್ದಳು. ಪ್ರತಿ ಮುಂಜಾನೆ ಪಾಲಿಶಣ್ಣ ಒಂದು ಮುಚ್ಚಳದಲ್ಲಿ ಚಮಚದಷ್ಟು ಹಾಲು ಹಾಕಿ ನೆಲಕ್ಕಿಡುವನು. ಹಾಲು ಒಳ್ಳೆಯದಾಗಿದ್ದರೆ ಅರಗಿಣಿ ನೆಕ್ಕುವಳು. ಕೆಟ್ಟಿದ್ದರೆ, ಬೇಡದ ನೆಂಟನನ್ನು ಕಂಡವಳಂತೆ, ಗೋಡೆಯ ಕಡೆ ಮುಖ ತಿರುಗಿಸುವಳು. ಅವಳ ತೀರ್ಪು ಒಮ್ಮೆಯೂ ಹುಸಿಯಾಗಲಿಲ್ಲ. ಒಲೆಯ ಗ್ಯಾಸು ಸೋರಿದ ದಿನ ಅವನ ಅಂಗಿಯ ಅಂಚು ಕಚ್ಚಿ ಎಳೆದವಳೂ ಅವಳೇ. ಅವನು ಬೀದಿಗಿಳಿದರೆ ಅವಳು ಮುಂದೆ, ಅವನು ಹಿಂದೆ.

"ನೋಡಿ, ನಮ್ಮ ಅಳಿಯಂದಿರ ಮೂಗು ನಾಲ್ಕು ಕಾಲಲ್ಲಿ ಹೋಗ್ತಿದೆ," ಎನ್ನುತ್ತಿದ್ದಳು ಅತ್ತೆ, ಕಿಟಕಿಯಿಂದ.

ಅರಗಿಣಿಗೆ ಹದಿಮೂರು ತುಂಬಿದ ವರ್ಷ ಆ ಮನೆಯ ಮೇಲೆ ಕಷ್ಟ ಎರಗಿತು. ಅದು ಬಂದ ದಾರಿಯೂ ಎಷ್ಟು ಅಲ್ಪವಾದದ್ದು ನೋಡಿ. ಅಡುಗೆಮನೆಯಿಂದ ಅತ್ತೆಯ ಕೋಣೆಗೆ ಹೋಗುವ ಕಿರಿದಾದ ಹಾದಿಯೊಂದಿದೆ. ಅದರ ನೆಲ ಹಲಗೆಯದು, ಮೆರುಗು ಅವನ ಕೈಯದು. ಒಂದು ಸಂಜೆ ಕೆಲಸದಿಂದ ಬಂದ ಹೆಂಡತಿ ಅಲ್ಲಿ ನಿಂತಳು.

"ರೀ, ಇಲ್ಲಿ ನೀರು ಚೆಲ್ಲಿದ್ದು ಯಾರು?"

"ನಾನಂತೂ ಅಲ್ಲ."

ಅವಳು ಬಗ್ಗಿ ನೋಡಿದಳು. "ನೀರಲ್ಲ ಇದು."

ಅರಗಿಣಿ ಮೇಜಿನ ಕೆಳಗೆ ಸೇರಿಕೊಂಡು, ಕಿವಿ ಇಳಿಬಿಟ್ಟು, ಯಾರ ಮುಖವನ್ನೂ ನೋಡದೆ ಮಲಗಿದ್ದಳು. ಮರಿಯಾಗಿದ್ದಾಗಿನಿಂದ ಮನೆಯೊಳಗೆ ಒಂದು ತೊಟ್ಟು ಬೀಳಿಸಿದವಳಲ್ಲ. "ವಯಸ್ಸಾಯ್ತು, ಒಂದ್ಸಲ ತಪ್ಪಾಗಿದೆ," ಎಂದು ಪಾಲಿಶಣ್ಣ ಷೆಡ್ಡಿಗೆ ಹೋಗಿ ಕ್ಯಾನು ತಂದ.

ಆ ಕ್ಯಾನಿನ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಹಳೆಯ ಮರದ ಮೇಲಿನ ಮೇಣ, ಎಣ್ಣೆ, ತಲೆಮಾರುಗಳ ಕೈಕೊಳೆ ಇವನ್ನು ಬಿಡಿಸಲು ಅವನ ಕಸುಬಿನಲ್ಲಿ ಅಮೋನಿಯಾ ಬೆರೆಸಿದ ನೀರನ್ನು ಬಳಸುತ್ತಾರೆ. ಬೇರೆಯವರು ಅದರ ಖಾರವನ್ನು ಮೂಗಿನಿಂದ ಅಳೆಯುತ್ತಾರೆ. ಪಾಲಿಶಣ್ಣ ಕಣ್ಣಿನಿಂದ ಅಳೆಯುತ್ತಿದ್ದ. ಕಣ್ಣು ಉರಿಯುವುದು ನಿಲ್ಲುವ ತನಕ ನೀರು ಬೆರೆಸಿದರೆ ಹದ ಸರಿ ಎಂದು ಅವನ ಲೆಕ್ಕ. ಎಂಥ ಕೊಳೆಯನ್ನೂ ಬಿಡಿಸುವ ನೀರು ನಾಯಿಯ ಮೂತ್ರವನ್ನು ಬಿಡಿಸದೆ ಇರುತ್ತದೆಯೇ ಎಂದುಕೊಂಡು, ಮೊಣಕಾಲೂರಿ, ಹಲಗೆಯ ಸಂದುಸಂದಿಗೂ ಅದನ್ನು ಇಳಿಸಿ ಉಜ್ಜಿದ. ಹಲಗೆ ಕನ್ನಡಿಯಾಯಿತು.

ಮರುದಿನ ಅರಗಿಣಿ ಅದೇ ಜಾಗದಲ್ಲಿ ಮಾಡಿದಳು. ಅದರ ಮರುದಿನವೂ.

"ತೊಳೆದ್ರಾ ಇಲ್ವಾ?" ಎಂದಳು ಹೆಂಡತಿ, ಮೂಗಿಗೆ ಸೆರಗು ಹಿಡಿದು.

"ಮುಖ ನೋಡ್ಕೋ ಬೇಕಾದ್ರೆ ಅದರಲ್ಲಿ."

"ಮುಖ ಕಾಣತ್ತೆ. ಆದ್ರೆ ನೀವು ತೊಳೆದ ಮೇಲೇ ನಾತ ಇನ್ನೂ ಜಾಸ್ತಿ ಆಗಿದೆ."

"ತೊಳೆದ ಮೇಲೆ ಜಾಸ್ತಿ ಆಗತ್ತಾ? ಮೂಗಿಲ್ಲದವನಿಗೆ ಏನು ಹೇಳಿದ್ರೂ ನಡೆಯತ್ತೆ ಅಂತ ಹೇಳು."

ಅವಳು ಬೇಸರದಿಂದ ಒಳಗೆ ಹೋದಳು. ಅವಳು ಸತ್ಯವನ್ನೇ ಹೇಳಿದ್ದಳು. ಅವನಿಗೆ ಅದು ಹಂಗಿಸಿದಂತೆ ಕೇಳಿಸಿತು. ಪ್ರಿಯರೇ, ಅವನನ್ನು ಜರೆಯಲು ನನಗೆ ಬಾಯಿ ಬರುವುದಿಲ್ಲ. ತನ್ನ ಮನೆಯ ನಾತ ತನಗೆ ತಿಳಿಯದಿರುವುದು ಮೂಗು ಸತ್ತವರಿಗೆ ಮಾತ್ರ ಬಂದ ಕಾಯಿಲೆಯಲ್ಲ.

ಇಷ್ಟರ ನಡುವೆ ಅರಗಿಣಿ ಸೊರಗತೊಡಗಿದ್ದಳು. ಮರದ ನಾರನ್ನು ಓದುವ ಅಂಗೈ ಪಾಲಿಶಣ್ಣನದು. ಅವಳ ಬೆನ್ನ ಮೇಲೆ ಕೈಯಾಡಿಸಿದಾಗ ಒಂದೊಂದು ಮೂಳೆಯೂ ಕೈಗೆ ಸಿಕ್ಕಿತು. ಅರಗಿನ ಬಣ್ಣ ಮಾಸಿ, ಕೂದಲು ಒಣಹುಲ್ಲಿನಂತಾಯಿತು. ತಿಂದದ್ದನ್ನು ಕಾರಿಕೊಳ್ಳುವಳು. ಆದರೆ ನೀರು? ಬಟ್ಟಲಿಗೆ ಸುರಿದಷ್ಟೂ ಕುಡಿಯುವಳು. ಬಟ್ಟಲು ಬರಿದಾದರೆ ಬಕೆಟ್ಟಿಗೆ ತಲೆ ಹಾಕುವಳು. ಕುಡಿದ ಸ್ವಲ್ಪ ಹೊತ್ತಿಗೆ ಆ ಹಾದಿಗೆ ನಡೆದು, ಆ ನಾಲ್ಕು ಹಲಗೆಗಳನ್ನೇ ಮೂಸಿ, ಅಲ್ಲಿಯೇ ಕೂರುವಳು. ಹೊರಗೆ ಬಾಗಿಲು ತೆರೆದಿದ್ದರೂ ಅಲ್ಲಿಯೇ.

"ಹಟ ಇದು," ಎಂದಳು ಅತ್ತೆ. "ನಾಯಿ ಬಾಲ ಡೊಂಕು ಅಂತಾರೆ. ನಿಮ್ಮದು ಇಡೀ ನಾಯಿನೇ ಡೊಂಕು. ಮನೇಲಿ ಇಷ್ಟು ಜಾಗ ಇದೆ, ನನ್ನ ಬಾಗಿಲೇ ಬೇಕಾ ಇವಳಿಗೆ?"

ಹಟವೆಂದೇ ಪಾಲಿಶಣ್ಣನಿಗೂ ಅನ್ನಿಸಿತು. ಒಂದು ದಿನ ಕೋಪ ತಡೆಯಲಾರದೆ, ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಸುತ್ತಿ ಅವಳ ಬೆನ್ನಿಗೆ ಬೀಸಿದ. ಅವಳು ಓಡಲಿಲ್ಲ. ಇದ್ದಲ್ಲಿಯೇ ಕುಸಿದು, ಮಲಗಿದಲ್ಲಿಯೇ ಮತ್ತೆ ನೆಲ ಒದ್ದೆ ಮಾಡಿಕೊಂಡಳು. ಅವನು ಬಟ್ಟೆಯನ್ನು ಕೈಬಿಟ್ಟು, ಅವಳ ಪಕ್ಕದಲ್ಲಿ ಗೋಡೆಗೊರಗಿ ಕುಳಿತುಬಿಟ್ಟ.

ಗಾಯದ ಮೇಲೆ ಬರೆಯೆಂಬಂತೆ, ಅದೇ ವಾರ ಅತ್ತೆ ಜಾರಿ ಬಿದ್ದಳು. ಅವನು ಷೆಡ್ಡಿನಲ್ಲಿದ್ದ. ಕೂಗು ಕೇಳಿ ಓಡಿ ಬಂದರೆ ಮುದುಕಿ ಆ ಒದ್ದೆ ಹಲಗೆಗಳ ಮೇಲೆ ಕುಳಿತಿದ್ದಳು; ಬಲಗೈ ಮಣಿಕಟ್ಟಿನ ಬಳಿ ಬೇರೆ ದಿಕ್ಕಿಗೆ ತಿರುಗಿತ್ತು. ಎದುರಿಗೆ ಅರಗಿಣಿ ನಿಂತು ಆಕೆಯ ಕಿವಿ ನೆಕ್ಕುತ್ತಿದ್ದಳು.

"ಇವಳನ್ನ ಕರೀರಿ ಆಚೆ," ಎಂದಳು ಅತ್ತೆ, ಹಲ್ಲು ಕಚ್ಚಿ. "ಬೀಳಿಸಿದ್ದೂ ಅವಳೇ, ಉಪಚಾರಾನೂ ಅವಳದೇ."

ಕೈಗೆ ಪಟ್ಟಿ ಬಿತ್ತು. ಆಸ್ಪತ್ರೆಯಿಂದ ಬಂದು ತಾಯಿಯನ್ನು ಮಲಗಿಸಿ ಹೆಂಡತಿ ಅಡುಗೆಮನೆಗೆ ಬಂದು ಕುಳಿತಳು. ಕೂಗಾಡುವ ಹೆಂಗಸಲ್ಲ ಅವಳು. ದನಿ ತಗ್ಗಿದಾಗಲೇ ಅವಳಿಗೆ ಹೆದರಬೇಕು.

"ಇವತ್ತು ಕೈ. ನಾಳೆ ಸೊಂಟ. ಸೊಂಟ ಮುರಿದ ಅಜ್ಜಿಯರ ಹಾಸಿಗೆ ಬಟ್ಟೆ ನಾನು ದಿನಾ ಒಗೀತೀನಿ ರೀ. ಅವರಲ್ಲಿ ಎಷ್ಟು ಜನ ಎದ್ದು ಮನೆಗೆ ಹೋಗ್ತಾರೆ ಅಂತ ನನಗೆ ಗೊತ್ತು."

"ಷೆಡ್ಡಲ್ಲಿ ಕಟ್ತೀನಿ."

"ಕಟ್ಟಿ. ಅದೂ ಆಗಲಿಲ್ಲ ಅಂದ್ರೆ ನಾಯಿ ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋಗಿ, ನೋವಿಲ್ಲದೆ ಪ್ರಾಣ ಹೋಗೋ ಸೂಜಿ ಹಾಕ್ಸಿಬಿಡಿ. ಇಡೀ ದಿನ ಊರಿನವರ ಉಚ್ಚೆ ಬಟ್ಟೆ ಒಗೆದು ಬಂದು ಇಲ್ಲೂ ಅದೇನಾ? ನನಗೇನು ಅವಳು ಬೇರೆಯವಳಾ? ಆದ್ರೆ ನನಗಿರೋದು ಒಬ್ಬಳೇ ಅಮ್ಮ."

ಅತ್ತ ದರಿ, ಇತ್ತ ಪುಲಿ. ಅರಗಿಣಿಯನ್ನು ಷೆಡ್ಡಿನಲ್ಲಿ ಕಟ್ಟಿದ. ಅಲ್ಲಿ ಅವಳು ಹಗ್ಗದ ಉದ್ದಕ್ಕೂ ಎಳೆದಾಡಿ, ಅಮೋನಿಯಾ ಕ್ಯಾನಿನ ಪಕ್ಕದಲ್ಲಿ, ಮೆರುಗು ಮುಗಿಸಿ ಒಣಗಲು ನಿಲ್ಲಿಸಿದ್ದ ಗಿರಾಕಿಯ ಕುರ್ಚಿಯ ಕಾಲಿಗೇ ಮಾಡಿದಳು. ಕಾಲಿನ ಹೊಳಪು ಬೆಳ್ಳಗೆ ಚಕ್ಕೆ ಎದ್ದಿತು. ಅವನು ಮತ್ತೆ ಅದನ್ನು ಕೆರೆದು, ಅದೇ ಅಮೋನಿಯಾದಿಂದ ತೊಳೆದು, ಹೊಸದಾಗಿ ಹಚ್ಚಿ ಕಳುಹಿಸಿದ. ಗಿರಾಕಿ ಎರಡೇ ದಿನಕ್ಕೆ ಬಂದು ಬಾಗಿಲಲ್ಲಿ ನಿಂತ. "ಕುರ್ಚಿ ಚೆನ್ನಾಗಿದೆ ಪಾಲಿಶಣ್ಣ. ಆದ್ರೆ ಕೂತರೆ, ಯಾರೋ ತಡೆಯಕ್ಕಾಗದೆ ಮೊದಲೇ ಕೂತು ಹೋದ ಹಾಗಿದೆ." ನಗುತ್ತಲೇ ಹೇಳಿದ. ಆದರೆ ಒಪ್ಪಿಸಬೇಕೆಂದಿದ್ದ ಉಳಿದ ಕುರ್ಚಿಗಳನ್ನು ತರಲಿಲ್ಲ.

ಆಮೇಲೆ ಪಾಲಿಶಣ್ಣ ಮಾಡಿದ ಕೆಲಸವನ್ನು ಹೆಂಡತಿಯೂ ಹೇಳಿರಲಿಲ್ಲ, ಅತ್ತೆಯೂ ಹೇಳಿರಲಿಲ್ಲ. ಯೋಚನೆ ಅವನದೇ. ಒಳಗೆ ಹೋಗುವುದು ನಿಂತರೆ ಹೊರಗೆ ಬರುವುದೂ ನಿಲ್ಲುತ್ತದೆ ಎಂದು ಅವನು ನೀರಿನ ಬಟ್ಟಲನ್ನು ಎತ್ತಿ ಕಪಾಟಿನ ಮೇಲಿಟ್ಟ. ಮುಂಜಾನೆ ಒಂದಿಷ್ಟು, ಆಮೇಲೆ ಇಲ್ಲ. ಅವಳನ್ನು ಉಳಿಸಿಕೊಳ್ಳಬೇಕೆಂದೇ ಹಾಗೆ ಮಾಡಿದ. ನೆಲ ಒಣಗಿದ್ದರೆ ಸೂಜಿಯ ಮಾತು ತಾನಾಗಿ ಹಿಂದೆ ಸರಿಯುತ್ತದೆ ಎಂಬ ಆಸೆ ಅವನದು.

ಹಗ್ಗ ಬಿಚ್ಚಿ ಮನೆಯೊಳಗೆ ಬಿಟ್ಟಾಗಲೆಲ್ಲ ಅರಗಿಣಿ ಕಪಾಟಿನ ಕೆಳಗೆ ಕುಳಿತು ಬಟ್ಟಲನ್ನೇ ನೋಡುತ್ತಿದ್ದಳು. ಬೊಗಳಲಿಲ್ಲ. ನೋಡುತ್ತಿದ್ದಳು, ಅಷ್ಟೇ. ಸ್ನಾನದ ಮನೆಯ ಬಾಗಿಲು ತೆರೆದರೆ ನುಗ್ಗಿ ಒದ್ದೆ ನೆಲವನ್ನು ನೆಕ್ಕುವಳು. ನಲ್ಲಿಯ ಬಾಯಿಗೆ ನಾಲಗೆ ಹಚ್ಚುವಳು. ಅವನು ಹಿಂಡಿ ಹರವಿದ ನೆಲದ ಬಟ್ಟೆಯನ್ನು ಚೀಪುತ್ತಿದ್ದಾಗ ಕಂಡು, ಅವನು ಅದನ್ನೂ ಕಿತ್ತುಕೊಂಡ. ಮೂತ್ರ ಕಡಿಮೆಯಾಯಿತು, ನಿಲ್ಲಲಿಲ್ಲ. ಹಗ್ಗ ಬಿಚ್ಚಿದೊಡನೆ ಅವಳ ಕಾಲು ಆ ಹಾದಿಗೇ ಎಳೆಯುತ್ತಿತ್ತು. ಅವನು ತೊಳೆಯುತ್ತಿದ್ದ, ದಿನದಿನವೂ, ಮೊದಲಿಗಿಂತ ಗಟ್ಟಿಯಾದ ಅಮೋನಿಯಾದಿಂದ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಬಿಡದೆ. "ಆ ನೀರು ಅಮೋನಿಯಾದ್ದೋ ನನ್ನದೋ ಗೊತ್ತಾಗ್ತಿರಲಿಲ್ಲ," ಎಂದ ನನ್ನೊಡನೆ. ಪಾಲಿಶಣ್ಣ ಆ ನಾಲ್ಕು ಹಲಗೆಗಳ ಮೇಲೆ ಮೊಣಕಾಲೂರಿದಷ್ಟು ಹೊತ್ತು ನಮ್ಮ ಮಂದಿರದಲ್ಲಿ ಯಾವ ಭಕ್ತನೂ ಊರಿಲ್ಲ. ಪ್ರಾರ್ಥನೆಯೂ ಅಲ್ಲಿಯೇ ಆಯಿತು. "ಸ್ವಾಮಿ, ದೊಡ್ಡದೇನೂ ಬೇಡ. ಒಂದು ದಿನ ಈ ನೆಲ ಒಣಗಿರಲಿ." ಅಷ್ಟು ಸಣ್ಣದನ್ನೂ ದೇವರು ಕೊಡುತ್ತಿಲ್ಲವಲ್ಲ ಎಂದು ಅವನ ಎದೆ ಒಡೆದುಹೋಯಿತು.

ಕೊನೆಗೊಂದು ದಿನ ಪಾಲಿಶಣ್ಣ ತಾನಾಗಿಯೇ ಡಾಕ್ಟರಮ್ಮನಿಗೆ ಫೋನು ಮಾಡಿದ. "ಸೂಜಿಗೆ ಕರ್ಕೊಂಡು ಬರ್ತೀನಿ," ಎಂದ. "ಮೊದಲು ಕರ್ಕೊಂಡು ಬನ್ನಿ, ನೋಡೋಣ," ಎಂದಿತು ಆ ದನಿ.

ಹೋಗಬೇಕಾದ ದಿನ ಹೆಂಡತಿಗೆ ರಜೆ. ಅವಳೂ ಬರುವೆನೆಂದು ಎದ್ದು ಕುಳಿತಿದ್ದಳು. ಎಂದಿನ ರೂಢಿಯಿಂದ ಅವನು ಮುಚ್ಚಳದಲ್ಲಿ ಹಾಲು ಹಾಕಿ ನೆಲಕ್ಕಿಟ್ಟ. ಅರಗಿಣಿ ಷೆಡ್ಡಿನಿಂದ ತೂರಾಡುತ್ತ ಬಂದು, ಮುಚ್ಚಳದ ಮೇಲೆ ಬಾಗಿದವಳೇ ಹಾಲನ್ನೆಲ್ಲ ನೆಕ್ಕಿ, ಮುಚ್ಚಳವನ್ನೂ ನೆಕ್ಕಿ ಗೋಡೆಯವರೆಗೆ ತಳ್ಳಿಕೊಂಡು ಹೋದಳು. ಹಾಲು ಚೆನ್ನಾಗಿದೆ ಎಂದು ಅವನು ಚಹಾ ಮಾಡಿ, ಪಾತ್ರೆಯೊಳಗೆ ನೋಡದೆಯೇ ಮೂರು ಲೋಟಕ್ಕೆ ಸೋಸಿದ.

ಅತ್ತೆ ಎಡಗೈಯಿಂದ ಲೋಟವೆತ್ತಿ ಒಂದು ಗುಟುಕು ಕುಡಿದು, ಹಾಗೆಯೇ ಕೆಳಗಿಟ್ಟಳು. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನನ್ನ ಕೈ ಮುರಿದ್ರೂ ಬಾಯಿ ಮೊಸರೇ. ಏನಿದು ಅಳಿಯಂದ್ರೇ?"

ಹೆಂಡತಿ ಹಾಲಿನ ಪಾತ್ರೆಯನ್ನು ಮೂಗಿನ ಬಳಿ ಹಿಡಿದು ದೂರ ಸರಿಸಿದಳು. "ಕೆಟ್ಟಿದೆ. ನಿನ್ನೇನೇ ಕೆಟ್ಟಿದೆ ಇದು."

"ಅವಳು ಕುಡಿದಳಲ್ಲ," ಎಂದ ಅವನು.

"ಅವಳ ಮೂಗೂ ಹೋಯ್ತು ಅನ್ಸತ್ತೆ, ರೀ."

ಆ ಮನೆಗೆ ಬಂದಂದಿನಿಂದ ಹುಳಿತ ಹಾಲಿಗೆ ಬಾಯಿಡದವಳು ಇಂದು ಮುಚ್ಚಳವನ್ನೂ ಬಿಡದೆ ನೆಕ್ಕಿದ್ದಳು. ಇಬ್ಬರ ಮೂಗೂ ಸತ್ತಿತು, ಇನ್ನು ಮುಗಿಯಿತು ಎಂದುಕೊಂಡು ಪಾಲಿಶಣ್ಣ ಅವಳನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡ. ಎತ್ತುವಾಗ ಭಾರವೇ ಇರಲಿಲ್ಲ.

ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಪಟ್ಟಿ ಹಾಕಿದ ಕೈಯನ್ನು ಎದೆಗವಚಿಕೊಂಡು ಕಂಬಳಿಯೊಳಗಿನ ಮುಖವನ್ನು ನೋಡಿ, "ನೆಗಡಿ ಬಂತು ಅಂತ ಮೂಗು ಕೊಯ್ಸೋಕೆ ಹೊರಟ್ರಾ?" ಎಂದಳು. ಈ ಸಲ ಆ ಮಾತಿನಲ್ಲಿ ಚುಚ್ಚು ಇರಲಿಲ್ಲ.

"ನಿಮ್ಮ ಕೈ ಮುರೀತಲ್ಲ ಅತ್ತೆ."

"ಕೈ ನಂದು. ನಾನು ಕೇಳಿದ್ನಾ?"

ಹೆಂಡತಿ ತಾಯಿಯ ಮುಖವನ್ನೊಮ್ಮೆ ನೋಡಿ ಚಪ್ಪಲಿ ಮೆಟ್ಟಿದಳು.

ಡಾಕ್ಟರಮ್ಮ ನಡುವಯಸ್ಸಿನ ಹೆಂಗಸು. ಉಕ್ಕಿನ ಮೇಜಿನ ಮೇಲೆ ಕಂಬಳಿ ಬಿಚ್ಚಿ, ಅರಗಿಣಿಯ ತುಟಿ ಎತ್ತಿ ವಸಡು ನೋಡಿದಳು. ಬೆನ್ನಿನ ಚರ್ಮವನ್ನು ಎತ್ತಿ ಬಿಟ್ಟಳು. ಎತ್ತಿದ ಚರ್ಮ ಹಾಗೆಯೇ ನಿಂತಿತು. ರಕ್ತ ತೆಗೆದು ಒಳಗೆ ಹೋಗಿ ಬಂದು, ಕೇಳಿದಳು.

"ನೀರು ಕುಡಿಯೋದು ಜಾಸ್ತಿ ಆಗಿತ್ತಾ?"

"ತುಂಬಾ. ಅದಕ್ಕೇ ಮಾಡ್ಕೋತಾಳೆ ಅಂತ…"

"ನಿಲ್ಲಿಸಿದ್ರಾ?"

ಅವನು ನೆಲ ನೋಡಿದ. "ನಿಲ್ಲಿಸಿದೆ ಅಮ್ಮ."

ಅವಳು ಬೈಯಲಿಲ್ಲ. "ಇವಳ ಕಿಡ್ನಿ ಹಾಳಾಗಿದೆ ಯಜಮಾನ್ರೇ. ನೀರು ಹಿಡಿದಿಟ್ಟುಕೊಳ್ಳೋ ಶಕ್ತಿ ಅದಕ್ಕೆ ಇಲ್ಲ. ಕುಡೀತಾಳೆ ಅಂತ ಮಾಡ್ತಿಲ್ಲ ಇವಳು. ಎಲ್ಲ ಹೊರಗೆ ಹೋಗ್ತಿದೆ ಅಂತ ಕುಡೀತಾಳೆ. ನಿಲ್ಲಿಸಿದ್ರೆ ಒಳಗೇ ಒಣಗಿಹೋಗ್ತಾಳೆ. ಬಹಳ ಜನ ಹೀಗೇ ಮಾಡ್ತಾರೆ, ನೀವೊಬ್ಬರೇ ಅಲ್ಲ."

ಆಗ ಪಾಲಿಶಣ್ಣನಿಗೆ ಮುಂಜಾನೆಯ ಮುಚ್ಚಳ ನೆನಪಾಯಿತು. ಅವಳ ಮೂಗು ಸತ್ತಿರಲಿಲ್ಲ. ಹಾಲು ಕೆಟ್ಟಿದೆಯೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕುಡಿದಳು; ಏಕೆಂದರೆ ಅದು ಒದ್ದೆಯಾಗಿತ್ತು. ಅವನು ಮೇಜಿನ ಅಂಚನ್ನು ಹಿಡಿದುಕೊಂಡ. ಹೆಂಡತಿ ಅವನ ಬೆನ್ನ ಮೇಲೆ ಕೈಯಿಟ್ಟಳು.

"ಒಂದೇ ಜಾಗದಲ್ಲಿ ಮಾಡ್ತಾಳಾ?" ಎಂದು ಡಾಕ್ಟರಮ್ಮ ಮತ್ತೆ ಕೇಳಿದಳು.

"ಅಲ್ಲೇ. ಬಾಗಿಲು ತೆರೆದಿಟ್ರೂ ಅಲ್ಲೇ. ಎಷ್ಟು ಉಜ್ಜಿದ್ರೂ…"

"ಯಾವುದರಲ್ಲಿ ಉಜ್ತೀರಿ?"

ಅವನು ಹೇಳುವ ಮೊದಲೇ ಅವಳು ಅವನ ಕೈಯ ಬಳಿ ಬಾಗಿ ಉಸಿರೆಳೆದುಕೊಂಡಳು. "ಅಮೋನಿಯಾ ಅಲ್ವಾ? ಹಳೇ ಮೂತ್ರದಿಂದ ಬರೋದೂ ಇದೇ ವಾಸನೆ. ನೀವು ತೊಳೆದಾಗೆಲ್ಲ ನಾಯಿಗೆ ಅಲ್ಲಿ ಇನ್ನೊಂದು ನಾಯಿ ಮಾಡಿ ಹೋದ ಹಾಗೆ. ಇದೇ ಜಾಗ, ಇಲ್ಲೇ ಮಾಡಬೇಕು ಅಂತ ನೀವೇ ದಿನಾ ಹೇಳಿಕೊಟ್ಟ ಹಾಗಾಯ್ತು."

"ತೊಳೆದ ಮೇಲೇ ಜಾಸ್ತಿ ಅಂತ ನಾನು ಹೇಳಿದ್ದೆ," ಎಂದಳು ಹೆಂಡತಿ, ಮೆಲ್ಲಗೆ. ಗೆದ್ದವರ ದನಿಯಲ್ಲ ಅದು.

ಅವನು ಏನು ಮಾಡಿದ್ದನೆಂದು ಯೋಚಿಸಿ. ಅವಳಿಗೆ ರೋಗ ಬಂದಾಗ ಹಟವೆಂದ. ದಾಹವಾದಾಗ ನೀರು ಎತ್ತಿಟ್ಟ. ತಾನೇ ಮೊಣಕಾಲೂರಿ ಇಲ್ಲಿ ಬಾ ಎಂದು ಕರೆದು, ಬಂದಾಗ ಹೊಡೆದ. ಪ್ರೀತಿಯಿಂದಲೇ ಇಷ್ಟನ್ನೂ ಮಾಡಿದ್ದ. ಕರುಣಾಳುವಾದ ದೇವರು ನಮ್ಮ ದ್ವೇಷಗಳನ್ನು ಕ್ಷಮಿಸಬಲ್ಲನೆಂದು ನಾನು ಬಲ್ಲೆ. ನಮ್ಮ ಪ್ರೀತಿ ಮಾಡಿದ ಗಾಯಗಳನ್ನು ಅವನು ಎಲ್ಲಿಟ್ಟುಕೊಳ್ಳುತ್ತಾನೋ ನನಗೆ ತಿಳಿಯದು.

"ಹೆಚ್ಚು ದಿನ ಇಲ್ಲ ಇವಳಿಗೆ. ಸುಳ್ಳು ಹೇಳಲ್ಲ," ಎಂದಳು ಡಾಕ್ಟರಮ್ಮ. "ಸೂಜಿ ಇವತ್ತೇ ಬೇಕಾದ್ರೆ ಹಾಕ್ತೀನಿ, ತಪ್ಪಲ್ಲ. ಇಲ್ಲ, ನರಕ್ಕೆ ನೀರು ಏರಿಸಿ ಮನೆಗೆ ಕಳಿಸ್ಲಾ?"

ಪಾಲಿಶಣ್ಣ ಹೆಂಡತಿಯ ಕಡೆ ತಿರುಗಿದ. ತೀರ್ಪು ಅವಳದಾಗಿತ್ತು. ಅವಳು ಬಹಳ ಹೊತ್ತು ಮೇಜಿನ ಮೇಲಿನ ಕಂಬಳಿಯ ಅಂಚನ್ನು ಮಡಿಸುತ್ತ, ಬಿಚ್ಚುತ್ತ ನಿಂತಳು. ದಿನಕ್ಕೆ ನೂರಾರು ಬಟ್ಟೆ ಮಡಿಸುವ ಕೈ.

"ನೀರು ಏರಿಸಿ ಅಮ್ಮ. ಬಾಯಾರಿಕೊಂಡು ಸಾಯೋದು ಬೇಡ ಅವಳು," ಎಂದಳು. ಆಮೇಲೆ ಗಂಡನಿಗೆ: "ಆದ್ರೆ ನಮ್ಮಮ್ಮ ಇನ್ನೊಂದು ಸಲ ಆ ಹಾದಿಯಲ್ಲಿ ಜಾರಬಾರದು. ಏನು ಮಾಡ್ತೀರೋ ಮಾಡಿ. ಜಾರಿದ್ರೆ ನನ್ನ ಮಾತು ಬದಲಾಗಲ್ಲ."

ಮನೆಗೆ ಬಂದವನೇ ಬಟ್ಟಲನ್ನು ಕಪಾಟಿನಿಂದ ಇಳಿಸಿ ತುಂಬಿಟ್ಟ. ಅವಳು ಕುಡಿಯುತ್ತಿದ್ದ ಸದ್ದು ಕೇಳುತ್ತ ಆ ಹಾದಿಗೆ ಹೋಗಿ ನಿಂತ. ತೊಳೆದು ಉಪಯೋಗವಿರಲಿಲ್ಲ, ಮರ ಕುಡಿದದ್ದನ್ನು ಕಕ್ಕುವುದಿಲ್ಲವೆಂದು ಅವನಿಗಿಂತ ಬಲ್ಲವರಾರು? ಸುತ್ತಿಗೆ, ಮೀಟುಗೋಲು ತಂದು, ತಾನೇ ಕನ್ನಡಿ ಮಾಡಿದ್ದ ನಾಲ್ಕು ಹಲಗೆಗಳನ್ನು ಕಿತ್ತ. ಹೊತ್ತು ಒಯ್ದು, ನಾಳೆ ಸುಟ್ಟರಾಯಿತೆಂದು ಹಿತ್ತಿಲ ಬಾಗಿಲಿನ ಪಕ್ಕ ಸೂರಿನ ಕೆಳಗೆ ಬಿಸಾಡಿದ. ಕೆಳಗಿನ ನೆಲವನ್ನು ಬರಿಯ ಸಾಬೂನು ನೀರಿನಿಂದ ತಿಕ್ಕಿ, ಒಣಗಿಸಿ, ಷೆಡ್ಡಿನಲ್ಲಿದ್ದ ಮೆರುಗು ಕಾಣದ ಒರಟು ಹಲಗೆಗಳನ್ನು ಜೋಡಿಸಿದ. ಜಾರುವಂತಿರಲಿಲ್ಲ ಅವು. ಆದರೆ ವಾಸನೆ ಹೋಯಿತೇ ಎಂದು ತಿಳಿಯುವ ದಾರಿ ಅವನಿಗಿರಲಿಲ್ಲ.

"ಅತ್ತೆ, ಸ್ವಲ್ಪ ಮೂಸಿ ನೋಡ್ತೀರಾ?"

"ಈ ವಯಸ್ಸಲ್ಲಿ ಈ ಕೆಲಸಾನೂ ಸಿಕ್ತು ನನಗೆ," ಎಂದು ಗೊಣಗುತ್ತ, ಗೋಡೆ ಹಿಡಿದು, ಅವನ ಭುಜಕ್ಕೆ ಎಡಗೈಯೂರಿ ಮುದುಕಿ ಬಾಗಿದಳು. "ಮರದ ವಾಸನೆ ಬರ್ತಿದೆ. ಅಷ್ಟೇ."

ಬೆಳಿಗ್ಗೆ ಅರಗಿಣಿ ಎದ್ದು ಹಾದಿಗೆ ಬಂದಳು. ಪಾಲಿಶಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಅವಳು ಹೊಸ ಹಲಗೆಗಳನ್ನು ಮೂಸಿದಳು, ಮತ್ತೆ ಮೂಸಿದಳು. ಮನೆ ಮರೆತ ಮುದುಕಿಯಂತೆ ಅತ್ತಿತ್ತ ನೋಡಿದಳು. ಹಿಂಗಾಲು ನಡುಗುತ್ತಿತ್ತು. ಇನ್ನೇನು ಕೂತುಬಿಡುತ್ತಾಳೆ, ಹೆಂಡತಿಯ ಮಾತು ನಿಜವಾಗುತ್ತದೆ ಎಂದು ಅವನು ಕಣ್ಣು ಮುಚ್ಚಿಕೊಂಡ. ಕಣ್ಣು ತೆರೆದಾಗ ಅವಳು ಅವನ ಕಾಲ ಬಳಿಯಿಂದ ಹಾದು ಹಿತ್ತಿಲ ಬಾಗಿಲನ್ನು ಕೆರೆಯುತ್ತಿದ್ದಳು. ಬಾಗಿಲು ತೆರೆದ. ಸೂರಿನ ಕೆಳಗೆ ಬಿದ್ದಿದ್ದ ಆ ನಾಲ್ಕು ಹಲಗೆಗಳ ಬಳಿಗೆ ಹೋಗಿ, ಮೂಸಿ, ಅವುಗಳ ಮೇಲೆ ನಿಧಾನವಾಗಿ ಕುಳಿತಳು.

ಹಲಗೆಗಳನ್ನು ಅವನು ಸುಡಲಿಲ್ಲ. ಅಲ್ಲಿಯೇ ಸಾಲಾಗಿ ಜೋಡಿಸಿದ. ಸಂಜೆಗೊಮ್ಮೆ ತಾನೇ ಹೋಗಿ ಅವುಗಳ ಮೇಲೆ ಅಮೋನಿಯಾ ನೀರನ್ನು ನಾಲ್ಕು ಹನಿ ಚಿಮುಕಿಸಿ ಬರುತ್ತಿದ್ದ.

ಮುಂದಿನ ದಿನಗಳು ಸುಖದವೆಂದು ಬರೆದರೆ ಸುಳ್ಳಾಗುತ್ತದೆ. ಅವಳು ತಿನ್ನುತ್ತಿರಲಿಲ್ಲ. ಬಾಯಿಯಲ್ಲಿ ಹುಣ್ಣಾಯಿತು. ಕೆಲವು ಸಲ ಹಿತ್ತಿಲು ಮುಟ್ಟುವ ಮೊದಲೇ ಅಡುಗೆಮನೆಯಲ್ಲಿ ಆಗಿಬಿಡುತ್ತಿತ್ತು. ಹೆಂಡತಿ ಆಸ್ಪತ್ರೆಯ ಹಳೆಯ ಹಾಸುಬಟ್ಟೆಗಳನ್ನು ಕೇಳಿ ತಂದು, ಮೇಜಿನ ಕೆಳಗೆ ಹಾಸಿ, ಒಗೆದು ಮತ್ತೆ ಹಾಸಿದಳು. ಪಾಲಿಶಣ್ಣ ಕೆಲಸ ಬಿಟ್ಟು ಅವಳ ಪಕ್ಕದಲ್ಲಿ ಕುಳಿತಿರುತ್ತಿದ್ದ. "ಕ್ಷಮೆ ಕೇಳಿದೆ. ಆದ್ರೆ ನಾಯಿಗೆ ಕ್ಷಮೆ ಕೇಳೋ ಭಾಷೆ ಯಾವುದು?" ಎಂದು ನನ್ನನ್ನು ಕೇಳಿದ.

ಆ ದಿನಗಳಲ್ಲೊಂದು ಮುಂಜಾನೆ ಅವನು ಮುಚ್ಚಳದಲ್ಲಿ ಹಾಲು ಹಾಕಿ ಅವಳ ಬಾಯಿಯ ಹತ್ತಿರ ಹಿಡಿದ. ಪಕ್ಕದಲ್ಲಿ ನೀರಿನ ಬಟ್ಟಲು ತುಂಬಿತ್ತು. ಅರಗಿಣಿ ತಲೆಯೆತ್ತಿ, ಮೂಸಿ, ಮೆಲ್ಲಗೆ ಗೋಡೆಯ ಕಡೆ ಮುಖ ತಿರುಗಿಸಿದಳು. ಅವನು ಪಾತ್ರೆಯ ಹಾಲನ್ನೆಲ್ಲ ಚೆಲ್ಲಿ ಬಂದು, ಆ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕುಳಿತ.

ಆಮೇಲೆ ಅವಳಿಗೆ ಏಳಲಾಗಲಿಲ್ಲ. ಹಿತ್ತಿಲ ಕಡೆ ನೋಡಿ ಕುಂಯ್‌ಗುಟ್ಟುವಳು. ಅವನು ಎತ್ತಿ ಒಯ್ದು, ಹಲಗೆಗಳ ಮೇಲೆ ಹೊಟ್ಟೆಗೆ ಕೈಯಾನಿಸಿ ನಿಲ್ಲಿಸುವನು. ನಿಂತಲ್ಲಿಯೇ ಅವಳು ಕುಸಿದ ದಿನ, ಯಾರ ಮಾತಿಗೂ ಕಾಯದೆ, ಅವನು ಫೋನು ಮಾಡಿದ. ಡಾಕ್ಟರಮ್ಮ ಮನೆಗೇ ಬಂದಳು. ಅತ್ತೆ ಒಂದು ಕುರ್ಚಿ ಹಾಕಿಸಿಕೊಂಡು ಹಿತ್ತಿಲ ಬಾಗಿಲಲ್ಲಿ ಕುಳಿತಳು. ಹೆಂಡತಿ ತೊಡೆಯ ಮೇಲೆ ಒಗೆದ ಹಾಸು ಹರವಿ ಅರಗಿಣಿಯ ತಲೆಯಿಟ್ಟುಕೊಂಡಳು. ಅವನ ಅಂಗೈ ಬೆನ್ನ ಮೇಲೆ ಇತ್ತು, ಉಸಿರು ನಿಂತದ್ದು ಆ ಅಂಗೈಗೆ ಮೊದಲು ತಿಳಿಯಿತು.

ಮರುದಿನ ಹೆಂಡತಿ ಕೆಲಸಕ್ಕೆ ಹೋದ ಮೇಲೆ ಅವನು ಒಲೆಯ ಮುಂದೆ ನಿಂತ. ಫ್ರಿಜ್ಜಿನಿಂದ ಹಾಲು ತೆಗೆದ. ಕೈ ತಾನಾಗಿ ಮುಚ್ಚಳಕ್ಕೆ ಹೋಯಿತು. ಚಮಚದಷ್ಟು ಸುರಿದು, ನೆಲಕ್ಕೆ ಬಾಗಿ, ಅಲ್ಲಿಯೇ ನಿಂತುಬಿಟ್ಟ. ಎಷ್ಟು ಹೊತ್ತು ಹಾಗೆ ಬಾಗಿದ್ದನೋ. ಎಂದೂ ಆ ಹೊತ್ತಿಗೆ ಏಳದ ಅತ್ತೆ, ಒರಟು ಹಲಗೆಗಳ ಮೇಲೆ ಕಾಲೆಳೆಯುತ್ತ ಬಂದು ಅವನ ಹಿಂದೆ ನಿಂತಳು.

"ಕೊಡಿ ಇಲ್ಲಿ," ಎಂದು ಎಡಗೈ ಚಾಚಿದಳು.

ಅವನು ಮುಚ್ಚಳವನ್ನು ಕೊಟ್ಟ. ಮುದುಕಿ ಅದನ್ನು ಮೂಗಿನ ಬಳಿ ಹಿಡಿದು, ಕಣ್ಣು ಮುಚ್ಚಿ, ಉಸಿರೆಳೆದುಕೊಂಡಳು.

"ಚೆನ್ನಾಗಿದೆ," ಎಂದಳು. "ಒಲೆ ಹಚ್ಚಿ. ನನಗೂ ಒಂದು ಲೋಟ ಇಡಿ."